ನಾಗಿಯೋಸ್ ಕೂಗಿದ್ದು ಯಾರಿಗೆ ಕೇಳಿಸಿತು?

ನಾಗಿಯೋಸ್ ಅಂದರೆ ಸರ್ವರ್ ಮೇಲೆ ಕಣ್ಣಿಟ್ಟು, ಏನಾದರೂ ಕೆಟ್ಟರೆ ಮೇಲ್ ಕಳಿಸಿ ಎಚ್ಚರಿಸುವ ಪ್ರೋಗ್ರಾಂ. ‘ಸರ್ವರ್‌ಗೆ ನಾಗಿಯೋಸ್ ಹಾಕಿದ್ದೇನೆ, ಇನ್ನು ಚಿಂತೆಯಿಲ್ಲ’ ಅಂತ ಯಾರಾದರೂ ಅಂದರೆ ನಾನು ಕೇಳೋದು ಒಂದೇ. ಮೇಲ್ ಯಾರಿಗೆ ಹೋಗುತ್ತದೆ?

ಯಾಕೆ ಅಂದರೆ ನಾನೇ ಒಮ್ಮೆ ಎಡವಿದ್ದೇನೆ. ಇಲ್ಲೇ ದಾವಣಗೆರೆಯ ಒಂದು ದಲಾಲಿ ಅಂಗಡಿ. ಬಿಲ್ಲಿಂಗ್ ಸರ್ವರ್‌ನಲ್ಲಿ ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂ. ನಾಗಿಯೋಸ್ ಹಾಕೋದು ದೊಡ್ಡ ಕೆಲಸವಲ್ಲ. ಪ್ರೋಗ್ರಾಂ ತಂದು ಹಾಕುವ ಪಿಕೆಜಿ ಕಮಾಂಡಿನಲ್ಲಿ ಒಂದು ಸಾಲು ಹೊಡೆದರೆ ಬಂದು ಕೂರುತ್ತದೆ. ಸೆಟ್ಟಿಂಗ್ ಬರೆದಿಡುವ ಕಾನ್ಫಿಗ್ ಫೈಲುಗಳ ಹೆಸರಿನ ಬಾಲಕ್ಕೆ ‘ಸ್ಯಾಂಪಲ್’ ಅಂತ ಇರುತ್ತದೆ, ಅದನ್ನು ತೆಗೆದು ಹೆಸರು ಬದಲಿಸಬೇಕು. ನಾಗಿಯೋಸ್ ಕಮಾಂಡಿಗೆ ಮೈನಸ್ ವಿ ಕೊಟ್ಟು ಆ ಫೈಲುಗಳಲ್ಲಿ ತಪ್ಪಿದೆಯಾ ನೋಡಿ, ಸ್ಟಾರ್ಟ್ ಮಾಡಿದೆ. ಪರದೆ ತುಂಬಾ ಹಸಿರು, ಅಂದರೆ ಎಲ್ಲಾ ಸರಿ. ಖುಷಿಯಾಗಿ ಮನೆಗೆ ಹೋದೆ.

ಕೆಲವು ತಿಂಗಳಾದ ಮೇಲೆ ಬೆಳಗ್ಗೆ ಫೋನು. ‘ಏನ್ರೀ, ಬಿಲ್ಲೇ ಬರ್ತಿಲ್ಲ, ಮೆಕ್ಕೆಜೋಳದ ಲಾರಿ ಬಾಗಿಲಲ್ಲೇ ನಿಂತಿದೆ.’

ಡಿಸ್ಕ್ ಭರ್ತಿ. ಬಿಲ್ಲಿಂಗ್‌ನಲ್ಲಿ ನಡೆದದ್ದನ್ನೆಲ್ಲಾ ಬರೆದಿಡುವ ಲಾಗ್ ಫೈಲನ್ನು, ಹಳೇ ಲಾಗ್‌ಗಳನ್ನು ಆಗಾಗ ತೆಗೆದುಹಾಕುವ ನ್ಯೂಸಿಸ್‌ಲಾಗ್‌ನ ಪಟ್ಟಿಗೆ ನಾನು ಸೇರಿಸಿರಲಿಲ್ಲ, ಅದು ಬೆಳೆದೇ ಬೆಳೆದಿತ್ತು. ಪಾಪ, ನಾಗಿಯೋಸ್ ಸುಮ್ನೆ ಕೂತಿರಲಿಲ್ಲ. ಜೊತೆಗೆ ಬರುವ ಮಾದರಿ ಫೈಲಿನಲ್ಲೇ ಲೆಕ್ಕವಿದೆ: ಡಿಸ್ಕಿನ ಮುಖ್ಯ ಭಾಗವಾದ ರೂಟ್ ಪಾರ್ಟಿಷನ್‌ನಲ್ಲಿ ಖಾಲಿ ಜಾಗ 20%ಕ್ಕಿಂತ ಕೆಳಗಿಳಿದರೆ ವಾರ್ನಿಂಗ್, 10%ಕ್ಕಿಂತ ಇಳಿದರೆ ಕ್ರಿಟಿಕಲ್. ಗಂಟೆಗೊಂದು ಮೇಲ್ ಕಳಿಸಿತ್ತು. ಎಲ್ಲಿಗೆ? ಕಾಂಟ್ಯಾಕ್ಟ್ಸ್ ಫೈಲಿನ ಮಾದರಿ ವಿಳಾಸಕ್ಕೆ, ‘ನಾಗಿಯೋಸ್ ಅಟ್ ಲೋಕಲ್‌ಹೋಸ್ಟ್’. ‘ಇದನ್ನು ಬದಲಿಸಿ’ ಅಂತ ಪಕ್ಕದಲ್ಲೇ ದೊಡ್ಡಕ್ಷರದಲ್ಲಿ ಬರೆದಿದೆ. ನಾನು ಬದಲಿಸಿರಲಿಲ್ಲ. ಅಷ್ಟೂ ಮೇಲ್ ಅದೇ ಯಂತ್ರದಲ್ಲಿ, ತುಂಬುತ್ತಿದ್ದ ಅದೇ ಡಿಸ್ಕಿನಲ್ಲಿ ಬಿದ್ದಿದ್ದವು!

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಸರ್ವರ್ ಮೇಲೆಯೇ ನಾಗಿಯೋಸ್ ಕೂರಿಸಿದ್ದು. ಕರೆಂಟ್ ಹೋಗಿ ಆ ಯಂತ್ರವೇ ಮಲಗಿದರೆ ಸುದ್ದಿ ಹೇಳೋರು ಯಾರು? ಈಗ ನಮ್ಮ ಮನೆಯ ಹಳೇ ಕಂಪ್ಯೂಟರ್ ಅಲ್ಲಿಂದಲೇ ಅಂಗಡಿಯನ್ನು ನೋಡುತ್ತದೆ. ಒಳಗಿನ ಡಿಸ್ಕಿನ ಸುದ್ದಿ ಬೇಕಲ್ವಾ, ಅದಕ್ಕೆ ಅಂಗಡಿಯ ಸರ್ವರ್‌ನಲ್ಲಿ ಕೂತು ನಾಗಿಯೋಸ್ ಕೇಳಿದ್ದಕ್ಕೆ ಉತ್ತರ ಹೇಳುವ ಎನ್‌ಆರ್‌ಪಿಇ. ಅದು ಮಾತಾಡುವ ನೆಟ್‌ವರ್ಕ್ ಬಾಗಿಲು, 5666 ಪೋರ್ಟ್, ತೆರೆದಿದ್ದೇನೆ, ಅದೂ ನಮ್ಮ ಮನೆಯ ವಿಳಾಸಕ್ಕೆ ಮಾತ್ರ.

ಪರೀಕ್ಷೆ ಮಾಡಲು ಡಿಸ್ಕ್ ತುಂಬಿಸಬೇಕಿಲ್ಲ. ಆ 20 ಅನ್ನು 99 ಮಾಡಿ, ರೀಲೋಡ್ ಕೊಟ್ಟು, ಫೋನ್ ಕೈಯಲ್ಲಿ ಹಿಡಿದು ಕಾಯಿರಿ. ಮೂರ್ನಾಲ್ಕು ಸಲ ನೋಡಿ ಖಾತ್ರಿ ಮಾಡಿಕೊಂಡೇ ಅದು ಮೇಲ್ ಬಿಡುವುದು, ಅವಸರ ಬೇಡ. ನಾನು ಅಂಗಡಿಯ ಯಜಮಾನರ ವಿಳಾಸವನ್ನೂ ಸೇರಿಸಿದ್ದೆ, ಹೇಳೋದು ಮರೆತಿದ್ದೆ. ಅವರ ಫೋನೇ ಮೊದಲು ಬಂತು. ‘ವಾರ್ನಿಂಗ್ ಅಂತ ಬಂದಿದೆ ನೋಡ್ರೀ, ಮಂಡಕ್ಕಿ ಮೆಣಸಿನಕಾಯಿ ಆಮೇಲೆ ತಿನ್ನುವಿರಂತೆ.’