ತಪ್ಪಾಯ್ತು ಅನ್ನುವ ಮಾತು

ಕೇಳುಗರಿಗೆ ನಮಸ್ಕಾರ.

ಬಸ್ಸಿನಲ್ಲಿ ಯಾರದೋ ಕಾಲು ತುಳಿದರೆ ಥಟ್ಟನೆ ‘ಸಾರಿ’ ಅನ್ನುತ್ತೇವೆ. ಅದಕ್ಕೇನೂ ಖರ್ಚಿಲ್ಲ. ಆದರೆ ನಮ್ಮಿಂದ ನೊಂದವರ ಎದುರಿಗೆ ನಿಂತು ‘ತಪ್ಪಾಯ್ತು’ ಅನ್ನಬೇಕಾದಾಗ ನಾಲಿಗೆ ಹೊರಳುವುದಿಲ್ಲ, ಅಲ್ವಾ? ಆಸ್ಟ್ರೇಲಿಯಾದ ಸರ್ಕಾರಕ್ಕೂ ಒಮ್ಮೆ ಹೀಗೇ ಆಯಿತು.

ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಅಧಿಕಾರಿಗಳು ತಾಯಂದಿರಿಂದ ಕಿತ್ತುಕೊಂಡು ಹೋಗುತ್ತಿದ್ದರು. ಬಿಳಿಯರ ಹಾಗೆ ಬೆಳೆಸಬೇಕು ಅನ್ನುವುದು ನೆಪ. 1910ರಿಂದ 1970ರವರೆಗೆ ಹೀಗೆ ಹೋದವರು ಹತ್ತರಲ್ಲಿ ಒಂದು ಮಗುವಿಗಿಂತ ಕಡಿಮೆಯಿಲ್ಲ, ಹೆಚ್ಚೆಂದರೆ ಮೂರರಲ್ಲಿ ಒಂದು ಇರಬಹುದು ಎಂದು 1997ರ ತನಿಖಾ ವರದಿ ಅಂದಾಜು ಮಾಡಿತು. ಸರ್ಕಾರ ಕ್ಷಮೆ ಕೇಳಬೇಕು ಅಂತಲೂ ಹೇಳಿತು.

ಆಗಿನ ಪ್ರಧಾನಿ ಜಾನ್ ಹೋವರ್ಡ್ ಒಪ್ಪಲಿಲ್ಲ. ಹಿಂದಿನವರು ಮಾಡಿದ್ದಕ್ಕೆ ಇಂದಿನವರು ಯಾಕೆ ಹೊಣೆ ಅನ್ನುವುದು ಅವರ ವಾದ. 1999ರಲ್ಲಿ ಸಂಸತ್ತು ‘ವಿಷಾದ’ ಸೂಚಿಸಿತು, ಅಷ್ಟೇ. ವಿಷಾದ ಯಾರಿಗೆ ಗೊತ್ತಿಲ್ಲ? ರೈಲು ತಡವಾದರೂ ನಮ್ಮ ಸ್ಟೇಷನ್ನಿನಲ್ಲಿ ವಿಷಾದಿಸುತ್ತಾರೆ. ಮರುವರ್ಷ ಮೇ ತಿಂಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನ ಸಿಡ್ನಿಯ ಹಾರ್ಬರ್ ಸೇತುವೆ ಮೇಲೆ ನಡೆದರು. ಮೇಲೆ ಒಂದು ವಿಮಾನ ಹೊಗೆಯಲ್ಲಿ ‘ಸಾರಿ’ ಅಂತ ಬರೆಯಿತು. ಸರ್ಕಾರದ ಬಾಯಿಂದ ಬಾರದ್ದು ಆಕಾಶದಲ್ಲಿ ಬಂತು.

ಕೊನೆಗೆ 2008ರ ಫೆಬ್ರವರಿ 13ರಂದು ಹೊಸ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಆ ಮಾತು ಆಡಿದರು. ಮಂಡಿಸಿದ ನಿರ್ಣಯದಲ್ಲೇ ಮೂರು ಸಲ ‘ಸಾರಿ’ ಇತ್ತು. ಆಮೇಲೆ ಒಬ್ಬ ಅಜ್ಜಿಯ ಕಥೆ ಹೇಳಿದರು.

ಅಜ್ಜಿಯ ಹೆಸರು ನುಂಗಾಲಾ ಫೇಜೊ. ಊರು ಟೆನೆಂಟ್ ಕ್ರೀಕ್. ಅಧಿಕಾರಿಗಳು ಬಂದರೆ ಮಕ್ಕಳು ಓಡಿಹೋಗಿ ಅಡಗಲಿ ಅಂತ ಹಿರಿಯರು ಹಳ್ಳದ ದಂಡೆಯಲ್ಲಿ ಗುಂಡಿ ತೋಡಿಟ್ಟಿದ್ದರು. 1932ರ ಸುಮಾರಿಗೆ ಲಾರಿ ಬಂದಾಗ ಅವಳಿಗೆ ನಾಲ್ಕು ವರ್ಷ. ಇಬ್ಬರು ಬಿಳಿಯರ ಜೊತೆ ಕುದುರೆ ಮೇಲೆ ಮೂಲನಿವಾಸಿಯೇ ಒಬ್ಬ ದನಗಾಹಿ, ಕೈಯಲ್ಲಿ ಚಾವಟಿ. ಮಕ್ಕಳು ಸಿಕ್ಕಿಬಿದ್ದರು. ತಾಯಿ ಅಳುತ್ತಾ ಲಾರಿಯ ಪಕ್ಕ ಹಿಡಿದು ನೇತಾಡಿದಳು.

ಕೆಲವು ವರ್ಷಗಳ ಮೇಲೆ ಆ ಮಕ್ಕಳನ್ನು ಮೂರು ಸಾಲಾಗಿ ನಿಲ್ಲಿಸಿದರು. ಎಡಗಡೆಯವರು ಕ್ಯಾಥೊಲಿಕ್ಕರು, ನಡುವಿನವರು ಮೆಥಡಿಸ್ಟರು, ಬಲಗಡೆಯವರು ಆಂಗ್ಲಿಕನ್ನರು ಅಂದರು. ಮೂರೂ ಕ್ರೈಸ್ತ ಪಂಗಡಗಳು. ಆಯಿತು, ಧರ್ಮ ಹಂಚಿದ್ದು ಮುಗಿಯಿತು! ಅಣ್ಣ ಎಡಗಡೆ, ಇವಳು ನಡುವೆ. ಅಣ್ಣ ಒಂದು ಕಡೆ ಹೋದ, ಇವಳು ಒಂದು ದ್ವೀಪಕ್ಕೆ. ತಾಯಿಯ ಮುಖ ಮತ್ತೆ ಕಾಣಲಿಲ್ಲ.

ಪರಿಹಾರದ ಹಣ ಮಾತ್ರ ಅಂದು ಬರಲಿಲ್ಲ. ಕೇಂದ್ರ ಸರ್ಕಾರದ ಆಡಳಿತದಲ್ಲಿದ್ದ ಪ್ರದೇಶಗಳಲ್ಲಿ ಹೀಗೆ ಬೇರ್ಪಟ್ಟವರಿಗೆ 75,000 ಡಾಲರ್‌ವರೆಗೆ ಕೊಡುವ ಯೋಜನೆ ಪ್ರಕಟವಾದದ್ದು 2021ರಲ್ಲಿ. ಅಷ್ಟರೊಳಗೆ ಎಷ್ಟೋ ಜನ ತೀರಿಕೊಂಡಿದ್ದರು.

ಆ ದನಗಾಹಿಯ ವಿಷಯ ಮರೆತೆ. ಎಷ್ಟೋ ದಶಕಗಳಾದ ಮೇಲೆ ಅವನು ಫೇಜೊ ಅವರನ್ನು ಹುಡುಕಿಕೊಂಡು ಬಂದ. ಅವನನ್ನು ಯಾರೂ ಕಳಿಸಿರಲಿಲ್ಲ. ಸಾರಿ ಅಂದ. ಅಜ್ಜಿ ಕ್ಷಮಿಸಿದರು.

ನಮಸ್ಕಾರ.