ಮೊಟ್ಟೆ, ಬೆಣ್ಣೆ, ಸಕ್ಕರೆ ತೆಗೆದರೆ ಅವುಗಳ ಕೆಲಸ ಯಾರು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಹಾಲು, ಬೆಣ್ಣೆ, ಮೊಟ್ಟೆ ಬಿಟ್ಟ ತಕ್ಷಣ ಕೇಕ್ ಆರೋಗ್ಯಕ್ಕೆ ಒಳ್ಳೆಯದಾಗಿಬಿಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೈದಾ ಕೂಡ ಗಿಡದಿಂದಲೇ ಬರುತ್ತದೆ, ಸಕ್ಕರೆ ಕೂಡ ಗಿಡದಿಂದಲೇ, ಅಲ್ವಾ? ಇಡೀ ಧಾನ್ಯ, ಬೀಜ, ಕಾಳು, ಹಣ್ಣುಗಳನ್ನು ನಾರಿನ ಸಮೇತ ಬಳಸಿ ಸಿಹಿ ಬೇಕ್ ಮಾಡುವುದು ಹೇಗೆ ಅನ್ನುವುದೇ ಇವತ್ತಿನ ವಿಷಯ.

ನಾನು ಮೊದಲ ಸಲ ಮಾಡಿದಾಗ ಎಲ್ಲವನ್ನೂ ಒಂದೇ ದಿನ ಬದಲಿಸಿದ್ದೆ. ಮೈದಾ ಹೋಯಿತು, ಮೊಟ್ಟೆ ಹೋಯಿತು, ಸಕ್ಕರೆ ಅರ್ಧಕ್ಕೆ ಇಳಿಯಿತು. ಕೇಕ್ ಅಂಚಿನಲ್ಲಿ ಒಣಗಿ, ನಡುವೆ ಅಂಟಂಟಾಗಿ ಉಳಿಯಿತು, ಮತ್ತು ಯಾವುದರಿಂದ ಕೆಟ್ಟಿತು ಅಂತ ತಿಳಿಯುವ ದಾರಿಯೇ ಇರಲಿಲ್ಲ. ಅಂದಿನಿಂದ ಒಂದು ಪದಾರ್ಥ ತೆಗೆಯುವ ಮುಂಚೆ ಅದು ಅಲ್ಲಿ ಏನು ಕೆಲಸ ಮಾಡುತ್ತಿತ್ತು ಅಂತ ಕೇಳಿಕೊಳ್ಳುತ್ತೇನೆ.

ಮೊಟ್ಟೆಯನ್ನೇ ನೋಡಿ. ಅದು ಹಿಟ್ಟನ್ನು ಹಿಡಿದಿಡುತ್ತದೆ, ತೇವ ಕೊಡುತ್ತದೆ, ಗಾಳಿಯನ್ನೂ ತುಂಬಿಸುತ್ತದೆ. ಹಿಡಿದಿಡುವ ಕೆಲಸಕ್ಕೆ ಅಗಸೆ ಬೀಜ ಸಾಕು. ಒಂದು ದೊಡ್ಡ ಚಮಚ ಅಗಸೆ ಪುಡಿಗೆ ಅದೇ ಚಮಚದಲ್ಲಿ ಮೂರು ಚಮಚ ನೀರು ಹಾಕಿ ಹತ್ತು ಹದಿನೈದು ನಿಮಿಷ ಬಿಡಿ. ಚಮಚ ಎತ್ತಿದರೆ ಎಳೆ ಎಳೆಯಾಗಿ ಲೋಳೆ ಇಳಿಯಬೇಕು. ಇನ್ನೂ ನೀರು ನೀರಾಗಿದ್ದರೆ ಕಾಯಿರಿ, ಅಥವಾ ಪುಡಿ ತರಿತರಿಯಾಗಿದೆ ಅಂತ ಅರ್ಥ. ಆದರೆ ಈ ಲೋಳೆಯಲ್ಲಿ ನೊರೆ ಬರುವುದಿಲ್ಲ. ಹಗುರವಾಗಿ ಉಬ್ಬಬೇಕಾದ ಕೇಕಿಗೆ ಕಾಬೂಲಿ ಕಡಲೆ ಬೇಯಿಸಿದ ನೀರು ಬೇಕು. 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ಅವರು ಇಂಥ ಕಾಳಿನ ನೀರನ್ನು ಜೋರಾಗಿ ಕಡೆದರೆ ಮೊಟ್ಟೆಯ ಬಿಳಿಯ ಹಾಗೆ ನೊರೆ ನಿಲ್ಲುತ್ತದೆ ಅಂತ ತೋರಿಸಿದರು. ಮುಂದಿನ ವರ್ಷ ಅದಕ್ಕೆ ಅಕ್ವಾಫಾಬಾ ಅನ್ನುವ ಹೆಸರು ಬಂತು. ಚೆಲ್ಲಿಬಿಡುತ್ತಿದ್ದ ನೀರು ಅದು! ಮೂರು ದೊಡ್ಡ ಚಮಚ ಹಾಕಿದರೆ ಒಂದು ಮೊಟ್ಟೆಗೆ ಸಮ. ನೀರು ತೆಳುವಾಗಿದ್ದರೆ ಸ್ವಲ್ಪ ಕುದಿಸಿ ಗಟ್ಟಿ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಕಡೆಯಿರಿ.

ಇನ್ನು ಹಿಟ್ಟು. ಇಡೀ ಗೋಧಿ ಹಿಟ್ಟಿನಲ್ಲಿರುವ ತವುಡು ನೀರನ್ನು ಜಾಸ್ತಿ ಕುಡಿಯುತ್ತದೆ, ಅದೂ ನಿಧಾನವಾಗಿ. ಅದಕ್ಕೇ ಹಿಟ್ಟಿಗೆ ದ್ರವ ಹಾಕಿ ಇಪ್ಪತ್ತು ನಿಮಿಷ ನೆನೆಯಲು ಬಿಡುತ್ತೇನೆ. ಅಡುಗೆ ಸೋಡಾ ಮತ್ತು ನಿಂಬೆರಸ ಮಾತ್ರ ಕೊನೆಗೆ, ಓವನ್ ಬಿಸಿಯಾದ ಮೇಲೆ, ಯಾಕೆಂದರೆ ಅವೆರಡು ಸೇರಿದ ಕ್ಷಣದಿಂದಲೇ ಗಾಳಿ ಹೊರಡಲು ಶುರುವಾಗುತ್ತದೆ, ತಡ ಮಾಡಿದರೆ ಆ ಉಬ್ಬು ಬಟ್ಟಲಲ್ಲೇ ಮುಗಿದುಹೋಗುತ್ತದೆ.

ಸಕ್ಕರೆ ಬರೀ ಸಿಹಿಗಲ್ಲ. ಕೇಕ್ ಮೆತ್ತಗಿರುವುದಕ್ಕೂ ಬಣ್ಣ ಬರುವುದಕ್ಕೂ ಅದೇ ಕಾರಣ. ಸುಮ್ನೆ ಕಡಿಮೆ ಮಾಡಿದರೆ ಒಣಗುತ್ತದೆ. ಖರ್ಜೂರವನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ನುಣ್ಣಗೆ ರುಬ್ಬಿ ಹಾಕಿ, ತೇವ ತಾನಾಗಿ ಬರುತ್ತದೆ. ಹಣ್ಣಿನ ಸಿಹಿ ಬೇಗ ಕಂದಾಗುತ್ತದೆ, ಹಾಗಾಗಿ 180 ಡಿಗ್ರಿ ಬದಲು 165 ಇಟ್ಟು ಸ್ವಲ್ಪ ಜಾಸ್ತಿ ಹೊತ್ತು ಬೇಯಿಸಿ. ಸಿರಪ್ ಹಾಕಿದರೆ ಸಕ್ಕರೆ ತಪ್ಪಿಸಿದ ಹಾಗಾಯಿತು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಹೊರಗಿನಿಂದ ಸೇರುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ. ಸಿರಪ್ಪೂ ಆ ಲೆಕ್ಕದಲ್ಲೇ ಬರುತ್ತದೆ.

ಬೆಣ್ಣೆಯ ಜಾಗಕ್ಕೆ ತೆಂಗಿನ ಎಣ್ಣೆ ಹಾಕಿದರೆ ರುಚಿ ಚೆನ್ನಾಗಿರುತ್ತದೆ, ಆದರೆ ಅದರಲ್ಲೂ ಹೆಚ್ಚಿನದು ಸ್ಯಾಚುರೇಟೆಡ್ ಕೊಬ್ಬೇ, ಅಂದರೆ ಬೆಣ್ಣೆಯಲ್ಲಿರುವಂಥ ಗಟ್ಟಿ ಕೊಬ್ಬು. ನನಗೆ ಬಾದಾಮಿ ಪೇಸ್ಟ್ ಇಷ್ಟ. ಸೂರ್ಯಕಾಂತಿ ಬೀಜದ ಪೇಸ್ಟ್ ಹಾಕಿದರೆ ಮಾತ್ರ ಕೇಕ್ ಆರಿದ ಮೇಲೆ ಒಳಗೆ ಹಸಿರಾಗಬಹುದು. ಗಾಬರಿ ಬೇಡ, ಕೆಟ್ಟಿರುವುದಿಲ್ಲ. ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಸೋಡಾ ಜೊತೆ ಸೇರಿ ಆ ಬಣ್ಣ ಬರುತ್ತದೆ. ಸ್ವಲ್ಪ ನಿಂಬೆರಸ ಹಾಕಿದರೆ ಕಡಿಮೆಯಾಗುತ್ತದೆ.

ಕೊನೆಗೆ, ಓವನ್‌ನಿಂದ ತೆಗೆದ ತಕ್ಷಣ ಕತ್ತರಿಸಬೇಡಿ. ಖರ್ಜೂರದ ಕೇಕ್ ಬಿಸಿಯಲ್ಲಿ ಚಾಕುವಿಗೆ ಅಂಟುತ್ತದೆ, ಬೆಂದಿಲ್ಲವೇನೋ ಅನ್ನಿಸುತ್ತದೆ. ಮುಚ್ಚಿಟ್ಟು ಮರುದಿನ ಬೆಳಿಗ್ಗೆ ಕತ್ತರಿಸಿ ನೋಡಿ.