ರೈತ ಸೋತ ಅನ್ನೋದು ಅರ್ಧ ಸುದ್ದಿ

2025ರ ಮೇ 28ರಂದು ಜರ್ಮನಿಯ ಹಾಮ್ ನಗರದ ಕೋರ್ಟು ಒಂದು ಕೇಸನ್ನು ವಜಾ ಮಾಡಿತು. ಕೇಸು ಹಾಕಿದ್ದವರು ಪೆರು ದೇಶದ ಒಬ್ಬ ರೈತ, ಪರ್ವತ ಗೈಡ್ ಕೂಡ ಹೌದು. ಎದುರಾಳಿ ಆರ್‌ಡಬ್ಲ್ಯುಇ ಅನ್ನೋ ಜರ್ಮನಿಯ ದೊಡ್ಡ ವಿದ್ಯುತ್ ಕಂಪನಿ. 'ರೈತ ಸೋತ' ಅಂತ ಸುದ್ದಿ ಓಡಾಡಿತು. ನನ್ನ ಕೇಳಿದರೆ ಅದು ಅರ್ಧ ಸುದ್ದಿ.

ಪೆರುವಿನ ಆಂಡಿಸ್ ಪರ್ವತಸಾಲಿನಲ್ಲಿ ಪಾಲ್ಕರಾಹು ಅಂತ ಒಂದು ಪರ್ವತ ಇದೆ. ಅಲ್ಲಿನ ಮೂಲನಿವಾಸಿಗಳ ಕೆಚುವಾ ಭಾಷೆಯ ಹೆಸರು, ಎತ್ತರ 6,200 ಮೀಟರಿಗೂ ಜಾಸ್ತಿ, ಮೈಮೇಲೆಲ್ಲ ಹಿಮನದಿ. ಅದರ ಬುಡದಲ್ಲಿ ಪಾಲ್ಕಕೋಚ ಸರೋವರ, ಕೆಳಗೆ ಕಣಿವೆಯಲ್ಲಿ ವಾರಾಸ್ ನಗರ. ಆ ರೈತರ ಮನೆ ಇರೋದು ಇಲ್ಲೇ. 1941ರ ಡಿಸೆಂಬರ್ 13ರಂದು ಈ ಸರೋವರದ ದಂಡೆ ಒಡೆಯಿತು. ನೀರು, ಕೆಸರು, ಬಂಡೆ ಎಲ್ಲ ಒಟ್ಟಿಗೆ ಊರಿಗೆ ನುಗ್ಗಿ ಕನಿಷ್ಠ 1,800 ಜನ ಸತ್ತರು. ಆಮೇಲೆ ಸರೋವರದಲ್ಲಿ ಉಳಿದದ್ದು ಸ್ವಲ್ಪವೇ ನೀರು. ಆದರೆ ಭೂಮಿ ಬಿಸಿಯಾಗಿ ಹಿಮನದಿ ಕರಗಿ ಹಿಂದೆ ಸರಿದ ಹಾಗೆಲ್ಲ ಅದು ಮತ್ತೆ ತುಂಬಿತು. 2009ರ ಹೊತ್ತಿಗೆ 1.7 ಕೋಟಿ ಘನ ಮೀಟರ್!

ಈಗ ಅಲ್ಲಿ ಏನಿದೆ ಗೊತ್ತಾ? ಉದ್ದುದ್ದ ಪ್ಲಾಸ್ಟಿಕ್ ಪೈಪು. ದಂಡೆಯ ಮೇಲಿಂದ ಹಾಯಿಸಿ, ಸೈಫನ್ ಮಾಡಿ ಹಗಲೂ ರಾತ್ರಿ ನೀರು ಹೊರಗೆ ಬಿಡುತ್ತಾರೆ. 4,500 ಮೀಟರ್ ಎತ್ತರದ ಆ ಚಳಿಯಲ್ಲಿ ಕಾವಲುಗಾರರು ಇದ್ದುಕೊಂಡು ನೀರಿನ ಮಟ್ಟ ನೋಡಿ ಕೆಳಗೆ ತಿಳಿಸುತ್ತಾರೆ. ಒಂದು ಊರಿನ ಜೀವ ಪೈಪಿನ ಮೇಲೆ ನಿಂತಿದೆ.

ರೈತ ಕೇಳಿದ್ದೇನು, ಕೋಟಿಗಟ್ಟಲೆ ಪರಿಹಾರವಾ? ಅಲ್ಲ. ಕೈಗಾರಿಕೆ ಶುರುವಾದಾಗಿನಿಂದ ಜಗತ್ತು ಉಗುಳಿದ, ಭೂಮಿಯನ್ನು ಬಿಸಿ ಮಾಡೋ ಇಂಗಾಲದ ಹೊಗೆಯಲ್ಲಿ ಈ ಕಂಪನಿಯ ಪಾಲು ಸುಮಾರು 0.47 ಶೇಕಡಾ ಅಂತ ಒಂದು ಲೆಕ್ಕ ಇತ್ತು. ಸರೋವರದ ಅಪಾಯ ತಡೆಯೋ ಖರ್ಚಿನಲ್ಲೂ ಅಷ್ಟೇ ಪಾಲು ಕೊಡಿ ಅಂದರು. ಸುಮಾರು 17,000 ಯೂರೋ. ಕೇಸು 2015ರಲ್ಲಿ ಶುರುವಾಯಿತು. ಹತ್ತಿರ ಹತ್ತಿರ ಹತ್ತು ವರ್ಷದಲ್ಲಿ ಎರಡೂ ಕಡೆ ವಕೀಲರಿಗೆ, ತಜ್ಞರಿಗೆ ಆದ ಖರ್ಚಿನ ಮುಂದೆ ಇದು ಚಿಲ್ಲರೆ ಕಾಸೇ ಇರಬೇಕು.

ಬಳಸಿದ ಕಾನೂನು ನೋಡಿ, ಅದೇ ಮಜಾ. ಪಕ್ಕದ ಮನೆಯವರಿಂದ ನಮ್ಮ ಆಸ್ತಿಗೆ ತೊಂದರೆಯಾದರೆ ತಡೆಯಿರಿ ಅಂತ ಕೇಳೋ ಜರ್ಮನಿಯ ಹಳೇ ಸಿವಿಲ್ ಕಾನೂನು. ಪೆರುವಿನಲ್ಲಿ ನಮ್ಮದು ಒಂದು ವಿದ್ಯುತ್ ಸ್ಥಾವರವೂ ಇಲ್ಲ, ನಾವು ಹೇಗೆ ನೆರೆಯವರು ಅನ್ನೋದು ಕಂಪನಿ ಕಡೆಯ ವಾದ. ಕೋರ್ಟು ಇದನ್ನು ಒಪ್ಪಲಿಲ್ಲ. ದೂರ ಇದ್ದ ಮಾತ್ರಕ್ಕೆ ಹೊಣೆ ತಪ್ಪೋದಿಲ್ಲ, ದೊಡ್ಡ ಪ್ರಮಾಣದಲ್ಲಿ ಹೊಗೆ ಬಿಟ್ಟವರನ್ನು ತಾತ್ವಿಕವಾಗಿ ಹೊಣೆ ಮಾಡಬಹುದು ಅಂತ ಬರೆಯಿತು. ಸುದ್ದಿಯ ಉಳಿದರ್ಧ ಇದು.

ಹಾಗಾದರೆ ಸೋತಿದ್ದು ಎಲ್ಲಿ? ಮುಂದಿನ 30 ವರ್ಷದಲ್ಲಿ ಆ ರೈತರ ಮನೆಗೆ ಪ್ರವಾಹ ತಲುಪೋ ಸಾಧ್ಯತೆ ಸುಮಾರು 1 ಶೇಕಡಾ, ಬಂದರೂ ನೀರು ತೀರಾ ಕಮ್ಮಿ ಅಂತ ತಜ್ಞರ ವರದಿ ಬಂತು. 2022ರಲ್ಲಿ ನ್ಯಾಯಾಧೀಶರೇ ಪೆರುವಿಗೆ ಹೋಗಿ ಜಾಗ ನೋಡಿ ಬಂದಿದ್ದರು. ಹಾಗಾಗಿ ಸುಮ್ನೆ ತಳ್ಳಿಹಾಕಿದರು ಅನ್ನೋದಕ್ಕೂ ಆಗಲ್ಲ. ನನ್ನ ತಕರಾರು ಬೇರೆ. ಸರೋವರ ಒಡೆದರೆ ಒಂದು ಮನೆಯನ್ನಷ್ಟೇ ಹುಡುಕಿಕೊಂಡು ಬರಲ್ಲ, ಅಲ್ವಾ? ಕೆಳಗಿರೋದು ಇಡೀ ನಗರ. ಆದರೆ ಇಂಥ ಕೇಸಿನಲ್ಲಿ ಕೋರ್ಟು ಅಳೆಯೋದು ಅರ್ಜಿ ಹಾಕಿದವನ ಗೋಡೆಯನ್ನು ಮಾತ್ರ.

ಅಂದರೆ ಪ್ರವಾಹದ ದಾರಿಗೆ ಇನ್ನೂ ಹತ್ತಿರ ಮನೆ ಇರೋರು ಯಾರಾದರೂ ನಾಳೆ ಅರ್ಜಿ ಹಾಕಿದರೆ, 'ನಾವು ದೂರ ಇದ್ದೀವಿ' ಅನ್ನೋ ಉತ್ತರ ಹಾಮ್ ಕೋರ್ಟಿನಲ್ಲಿ ಸಾಕಾಗೋದಿಲ್ಲ.